ಅರ್ಧ ನೋಡಿದ ಜೇನು

ನನಗೆ ಗೊತ್ತಿರುವ ವಿಷಯಗಳು ಬಹಳ. ಆದರೆ ಒಂದೊಂದೂ ಅರ್ಧ ಮಾತ್ರ ಗೊತ್ತು. ಈ ಗುಟ್ಟನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಸಂಜೆ ಫ್ಯಾಕ್ಟರಿಯಿಂದ ಬಂದು, ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು ಸರ್ಕಾರಿ ಚಾನೆಲ್ಲಿನ ಮುಂದೆ ಕೂರುವುದು ನನ್ನ ಹಳೆಯ ಅಭ್ಯಾಸ. ಏಳು ಗಂಟೆಗೆ ಅಲ್ಲೊಂದು ಸಾಕ್ಷ್ಯಚಿತ್ರ ಬರುತ್ತದೆ. ಒಂದು ದಿನ ಹಿಮದ ನಾಡು, ಇನ್ನೊಂದು ದಿನ ಮರುಭೂಮಿ, ಮತ್ತೊಂದು ದಿನ ಸಮುದ್ರದ ತಳ. ಮುಖ ತೋರಿಸದ ಒಬ್ಬ ಗಂಡಸು ಹಿಂದಿನಿಂದ ಇಂಗ್ಲಿಷಿನಲ್ಲಿ ವಿವರಣೆ ಕೊಡುತ್ತಿರುತ್ತಾನೆ. ಅವನಿಗೆ ಯಾವ ಅವಸರವೂ ಇಲ್ಲ, ಯಾರ ಮೇಲೂ ಸಿಟ್ಟಿಲ್ಲ. ಆ ದನಿ ಹತ್ತು ನಿಮಿಷ ಕಿವಿಗೆ ಬಿದ್ದರೆ ಸಾಕು, ನನ್ನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮತ್ತೆ ತೆರೆಯುವುದು ಕೊನೆಯಲ್ಲಿ ಸಂಗೀತ ಜೋರಾದಾಗಲೇ. ಹೀಗಾಗಿ ಈ ಭೂಮಿಯ ಮೇಲಿನ ಮುಕ್ಕಾಲು ಪ್ರಾಣಿಗಳು ಹುಟ್ಟುವುದನ್ನು ನೋಡಿದ್ದೇನೆ, ಸೂರ್ಯ ಮುಳುಗುವ ಕಡೆಗೆ ನಡೆದುಹೋಗುವುದನ್ನೂ ನೋಡಿದ್ದೇನೆ. ನಡುವೆ ಅವು ಏನು ಮಾಡಿಕೊಂಡಿದ್ದವು ಎಂದು ಕೇಳಿದರೆ ಮಾತ್ರ ತೊಂದರೆ.

ಹಾಗೆ ಕೇಳುವವರು ಕಡಿಮೆ, ಅದೇ ನನ್ನ ಪುಣ್ಯ. ಹೂಟಗಳ್ಳಿಯ ಒಂದು ಫ್ಯಾಕ್ಟರಿಯ ಸ್ಟೋರ್ಸ್ ವಿಭಾಗದಲ್ಲಿ ನನ್ನ ಕೆಲಸ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮುದ್ದೆ ಮುರಿಯುತ್ತಾ ಹಿಂದಿನ ದಿನ ನೋಡಿದ್ದನ್ನು ಹೇಳುತ್ತೇನೆ. ಗಂಡು ಪೆಂಗ್ವಿನ್ನು ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ತಿಂಗಳುಗಟ್ಟಲೆ ಚಳಿಯಲ್ಲಿ ನಿಲ್ಲುತ್ತದೆ ಎಂದು ಒಮ್ಮೆ ಹೇಳುತ್ತಿದ್ದಾಗ, ಜೊತೆಯ ಮಾದೇವು ಅಷ್ಟು ದಿನ ಹೆಣ್ಣು ಎಲ್ಲಿಗೆ ಹೋಗಿರುತ್ತದೆ ಎಂದು ಕೇಳಿಬಿಟ್ಟ. ಆ ಹೊತ್ತಿಗೆ ನಾನು ನಿದ್ದೆ ಹೋಗಿದ್ದೆ. ತಡವರಿಸದೆ, "ತವರಿಗೆ" ಎಂದೆ. ಎಲ್ಲರೂ ನಕ್ಕರು. ಒಂದು ವಾರದ ಮೇಲೆ ಪೇಂಟ್ ಸೆಕ್ಷನ್ನಿನವರೊಬ್ಬರು ಅದನ್ನೇ ವಿಜ್ಞಾನದ ಮಾತೆಂಬಂತೆ ನನಗೇ ತಿರುಗಿ ಹೇಳಿದರು. ನಾನು ಹೌದೆಂದು ತಲೆಯಾಡಿಸಿದೆ.

ಮನೆಯಲ್ಲಿ ನನ್ನ ಬೆಲೆ ಅಷ್ಟಿಲ್ಲ. ನನ್ನ ಹೆಂಡತಿ ಸುಜಾತ ನರ್ಸಿಂಗ್ ಹೋಮಿನಲ್ಲಿ ನರ್ಸು. "ನೀವು ಟೀವಿ ನೋಡಲ್ಲ ಕಣ್ರೀ, ಟೀವಿನೇ ನಿಮ್ಮನ್ನ ನೋಡುತ್ತೆ" ಎಂದು ಅಡುಗೆಮನೆಯಿಂದಲೇ ಹೇಳುತ್ತಾಳೆ. ಮನೆಯ ಮೂರನೆಯ ವ್ಯಕ್ತಿ ನಮ್ಮವ್ವ. ನಾನು ಹುಟ್ಟುವ ಮೊದಲೇ ಅಪ್ಪನ ಜೊತೆ ನರಸೀಪುರದ ಕಡೆಯ ಹಳ್ಳಿಯಿಂದ ನಗರದ ಈ ಕೆಸರೆ ಬಡಾವಣೆಗೆ ಬಂದವಳು. ಅಂದಿನಿಂದ ಇಂದಿನವರೆಗೂ ಊದುಬತ್ತಿ ಹೊಸೆಯುತ್ತಿದ್ದಾಳೆ. ಈಗ ಅದಕ್ಕೆಲ್ಲ ಯಂತ್ರ ಬಂದಿದೆ, ಹೊಸೆಯಲೇಬೇಕೆಂಬ ಅಗತ್ಯವೂ ಇಲ್ಲ. ಆದರೂ ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಮಣೆ ಹಾಕಿಕೊಂಡು, ಕಪ್ಪು ಹಿಟ್ಟನ್ನು ಕಡ್ಡಿಗೆ ಹೊಸೆಯುತ್ತಾ ಇಡೀ ದಿನ ಟೀವಿಯ ಎದುರು ಕೂತಿರುತ್ತಾಳೆ. ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಮನೆಯಲ್ಲಿ ಮಾತಿನ ಸದ್ದು ಇರಲಿ ಎಂದು ಟೀವಿ ಹಾಕಿಕೊಳ್ಳುತ್ತಾಳೆ ಅಂತಲೇ ನಾನು ತಿಳಿದಿದ್ದೆ.

ಹೀಗಿರುವಾಗ, ಒಂದು ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಸ್ಟೆಲ್ಲಾ ಟೀಚರ್ ಅವರ ಗೇಟಿನ ಹೊಂಗೆ ಮರಕ್ಕೆ ಹೆಜ್ಜೇನು ಬಂದು ಕೂತಿತು. ಮೊರದಗಲದ ಕಪ್ಪು ಮುದ್ದೆ, ನೋಡುತ್ತಿದ್ದ ಹಾಗೆ ಅಲೆಯಂತೆ ಅಲುಗುತ್ತಿತ್ತು. ಬೇರೆ ದಿನವಾಗಿದ್ದರೆ ಬೀದಿಯವರು ಬೇರೆ ದಾರಿಯಲ್ಲಿ ಓಡಾಡಿಕೊಂಡು ಸುಮ್ಮನಿರುತ್ತಿದ್ದರು. ಆದರೆ ಭಾನುವಾರ ಹನ್ನೊಂದು ಗಂಟೆಗೆ ಟೀಚರ್ ಮಗಳು ಪ್ರಿಯಾಳ ನಿಶ್ಚಿತಾರ್ಥ. ಶಾಮಿಯಾನ ಹಾಕಬೇಕಾದ ಜಾಗ ಆ ಕೊಂಬೆಯ ನೇರ ಕೆಳಗೆ. ಚರ್ಚಿನಲ್ಲಿ ಪೂಜೆ ಮುಗಿಸಿ ಫಾದರ್ ಬರುತ್ತಾರೆ, ಗಂಡಿನ ಕಡೆಯವರು ಬರುತ್ತಾರೆ, ಬ್ಯಾಂಡಿನವರಿಗೂ ಹೇಳಿಯಾಗಿದೆ. ಗಂಡ ತೀರಿಕೊಂಡ ಮೇಲೆ ಟೀಚರ್ ಒಬ್ಬರೇ ನಿಂತು ಮಾಡುತ್ತಿದ್ದ ಮೊದಲ ಶುಭಕಾರ್ಯ ಅದು. ಜೇನು ಬಿಡಿಸುವವನಿಗೆ ಫೋನ್ ಮಾಡಿದರೆ ಸೋಮವಾರಕ್ಕೆ ಮುಂಚೆ ಆಗುವುದಿಲ್ಲ ಎಂದ. ಎದುರು ಮನೆಯ ನಂಜುಂಡಸ್ವಾಮಿ ಉದ್ದದ ಕೋಲಿಗೆ ಬಟ್ಟೆ ಸುತ್ತಿ ಬೆಂಕಿ ಹಚ್ಚಿ ಸುಟ್ಟುಬಿಡೋಣ ಎಂದರು. ಅದಕ್ಕೆ ಟೀಚರ್ ಒಪ್ಪಲಿಲ್ಲ. ಮಗಳ ನಿಶ್ಚಿತಾರ್ಥದ ಹಿಂದಿನ ದಿನ ಅಷ್ಟು ಜೀವ ಸುಟ್ಟು ತಾನು ಹೇಗೆ ಪ್ರಾರ್ಥನೆಗೆ ನಿಲ್ಲಲಿ ಎಂದರು. ಆಮೇಲೆ ನಮ್ಮ ಗೇಟಿನ ಹತ್ತಿರ ಬಂದರು.

"ರಾಜಣ್ಣ, ದಿನಾ ಇಂಥದ್ದೆಲ್ಲ ನೋಡ್ತಿರ್ತೀರಲ್ಲ. ನೀವೇ ಏನಾದರೂ ದಾರಿ ಹೇಳಬೇಕು."

ಗೊತ್ತಿಲ್ಲ ಎನ್ನಲು ಅದೇ ಸರಿಯಾದ ಸಮಯವಾಗಿತ್ತು. ಆದರೆ ಹಿಂದಿನ ತಿಂಗಳಷ್ಟೇ ಜೇನಿನ ಮೇಲೆ ಒಂದು ಸಾಕ್ಷ್ಯಚಿತ್ರ ಬಂದಿತ್ತು. ರಾಣಿ ಜೇನು ಕಾಣಿಸಿಕೊಂಡದ್ದು ಚೆನ್ನಾಗಿ ನೆನಪಿತ್ತು. ಕೊನೆಯಲ್ಲಿ ಒಬ್ಬ ಹೊಗೆ ಬಿಟ್ಟದ್ದು, ಹುಳುಗಳು ಸುಮ್ಮನಾದದ್ದು ಕೂಡ ನೆನಪಿತ್ತು. ಇವೆರಡರ ನಡುವೆ ಮುಖ್ಯವಾದದ್ದೇನೂ ನಡೆದಿರಲಾರದು ಎಂದುಕೊಂಡು, "ಹೊಗೆ ಹಾಕಿದರೆ ಹೋಗುತ್ತವೆ ಟೀಚರ್, ನಾಳೆ ಸಂಜೆ ನಾನೇ ಬಂದು ಹಾಕುತ್ತೇನೆ" ಎಂದುಬಿಟ್ಟೆ. ಅವರ ಮುಖ ಅರಳಿತು. ಆ ಸಂತೋಷ ನೋಡಿ ನನಗೂ ನನ್ನ ಮೇಲೆ ನಂಬಿಕೆ ಬಂತು.

ಶನಿವಾರ ಬಿಸಿಲು ಇಳಿದ ಮೇಲೆ ರೇನ್‌ಕೋಟು ತೊಟ್ಟು, ಫ್ಯಾಕ್ಟರಿಯ ಹೆಲ್ಮೆಟ್ಟು ಹಾಕಿಕೊಂಡು, ಅದರ ಮೇಲೆ ಸುಜಾತಳ ಹಳೆಯ ದುಪಟ್ಟಾ ಸುತ್ತಿಕೊಂಡು ಹೊರಟೆ. ಕೈಯಲ್ಲಿ ಒಣ ಬೇವಿನ ಸೊಪ್ಪು ತುಂಬಿದ ತಗಡಿನ ಬಕೆಟ್ಟು. ಬೀದಿಯವರೆಲ್ಲ ತಮ್ಮ ತಮ್ಮ ಕಿಟಕಿಗಳಲ್ಲಿ ನಿಂತಿದ್ದರು. ಬೆಂಕಿಕಡ್ಡಿ ಗೀರಬೇಕು ಅನ್ನುವಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಮರದತ್ತ ಒಂದು ಸಲ ತಲೆಯೆತ್ತಿ ನೋಡಿದಳು.

"ಹೊಗೆ ಆಕ್ಬ್ಯಾಡ ಕಣಪ್ಪ. ಅವು ಇನ್ನೂ ಮೇಣದ ರೊಟ್ಟಿನೇ ಕಟ್ಟಿಲ್ಲ, ಬರೀ ಹುಳ. ದಾರೀಲಿ ದಣಿವಾರಿಸ್ಕತಾ ಕುಂತವೆ. ನಾಕು ಹುಳ ಮನೆ ಹುಡುಕಕ್ಕೆ ಓಗಿರ್ತವೆ. ಬಂದು ಕುಣಿದು ದಾರಿ ತೋರುಸ್ತವೆ. ಬಿಸಿಲೇರಿದ ಮ್ಯಾಲೆ ಎಲ್ಲಾ ಎದ್ದು ಒಂಟೋಯ್ತವೆ."

ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ನಿನ್ನ ಟೀವಿಯಲ್ಲೇ ತೋರಿಸಿದರಲ್ಲ, ಆಗ ನೀನು ಗೊರಕೆ ಹೊಡೆಯುತ್ತಿದ್ದೆ ಎಂದಳು. ಅವ್ವನದು ಸಣ್ಣ ದನಿಯಲ್ಲ. ಕಿಟಕಿಗಳಲ್ಲಿ ಯಾರೋ ಕಿಸಕ್ಕೆಂದದ್ದು ಹೆಲ್ಮೆಟ್ಟಿನೊಳಗೂ ಕೇಳಿಸಿತು. ನನಗೆ ರೇಗಿತು. ಅದು ಇಂಗ್ಲಿಷಿನಲ್ಲಿ ಬಂದದ್ದು, ನಿನಗೆ ಏನು ಅರ್ಥವಾಗಿರುತ್ತದೆ, ಒಳಗೆ ಹೋಗು ಎಂದೆ.

"ಇಂಗ್ಲಿಷು ಬರಕಿಲ್ಲ ನಂಗೆ" ಎಂದಳು ಅವ್ವ. "ಕಣ್ಣು ಕಾಣ್ತವಲ್ಲ."

ಬುದ್ಧಿಯಿದ್ದವನು ಆಗಲೇ ಬಕೆಟ್ಟು ಕೆಳಗಿಟ್ಟು ಬರುತ್ತಿದ್ದ. ನನಗೆ ಬುದ್ಧಿಗಿಂತ ನನ್ನನ್ನೇ ನೋಡುತ್ತಿದ್ದ ಅಷ್ಟೊಂದು ಕಿಟಕಿಗಳೇ ದೊಡ್ಡವಾಗಿ ಕಂಡವು. ಕಡ್ಡಿ ಗೀರಿದೆ. ಹೊಗೆ ಎದ್ದಿತು, ಆದರೆ ಗಾಳಿ ಬನ್ನಿಮಂಟಪದ ಕಡೆಯಿಂದ ಬೀಸುತ್ತಿದ್ದುದರಿಂದ ಅದು ಮರದ ಕಡೆಗೆ ಹೋಗದೆ ನನ್ನ ಮುಖಕ್ಕೇ ಬಂತು. ಕೆಮ್ಮು ತಡೆಯಲಾಗದೆ ದುಪಟ್ಟಾ ಸರಿಸಿದೆ. ಅಷ್ಟರಲ್ಲಿ ಮೇಲಿನ ಮುದ್ದೆಯಿಂದ ನಾಲ್ಕೈದು ಹುಳುಗಳು ವಿಚಾರಿಸಿಕೊಂಡು ಹೋಗಲು ಇಳಿದು ಬಂದವು. ಒಂದು ಕಿವಿಗೆ ಕಚ್ಚಿತು, ಎರಡು ತುಟಿಗೆ. ಬಕೆಟ್ಟು ಎಲ್ಲಿ ಬಿತ್ತೋ, ಹೆಲ್ಮೆಟ್ಟು ಎಲ್ಲಿ ಹಾರಿತೋ ತಿಳಿಯದು. ನಮ್ಮ ಮನೆಯ ಬಾಗಿಲು ಎಲ್ಲಿದೆ ಎಂಬುದು ಮಾತ್ರ ತಿಳಿಯಿತು. ಸುಜಾತ ಎಟಿಎಂ ಕಾರ್ಡಿನ ಅಂಚಿನಿಂದ ಮುಳ್ಳು ಕೆರೆದು ತೆಗೆದು, ಮಾತ್ರೆ ನುಂಗಿಸಿ, ತಣ್ಣೀರು ಬಟ್ಟೆ ಒತ್ತಿದಳು. ಅವಳು ಬೈದಿದ್ದರೆ ನೋವು ಅಷ್ಟು ಆಗುತ್ತಿರಲಿಲ್ಲ.

ಹೊರಗೆ ಅಷ್ಟರಲ್ಲಿ ಅಧಿಕಾರ ಕೈ ಬದಲಾಯಿಸಿತ್ತು. ಅವ್ವ ದೂರದಿಂದಲೇ ನೀರೆರಚಿ ಬೆಂಕಿ ಆರಿಸಿದಳಂತೆ. ಗೇಟು ಹಾಕಿಸಿ, ಮರದ ಹತ್ತಿರದ ದೀಪ ಆರಿಸಿ, ಆ ಕಡೆ ಯಾರೂ ಸುಳಿಯಬಾರದೆಂದು ಹೇಳಿದಳಂತೆ. ಶಾಮಿಯಾನದವರಿಗೆ ಬೆಳಿಗ್ಗೆ ಹತ್ತೂವರೆಗೆ ಬರುವಂತೆ ಟೀಚರ್ ಕೈಯಲ್ಲೇ ಫೋನ್ ಮಾಡಿಸಿದಳು. ಓದಿಸುವ ಕೆಲಸದಲ್ಲಿ ತಲೆ ನರೆಸಿಕೊಂಡ ಟೀಚರ್, ಅಕ್ಷರ ಬಾರದ ಅವ್ವ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೂ ಕಿಟಕಿಯಲ್ಲಿ ನಿಂತಿದ್ದೆ. ಜೇನು ಅಲ್ಲಾಡಿರಲಿಲ್ಲ. ಟೀಚರ್ ಹೊಸ ಸೀರೆಯುಟ್ಟು, ಕೈಯಲ್ಲಿ ಜಪಸರ ಹಿಡಿದು ನಮ್ಮ ಜಗಲಿಯ ಮೇಲೆ ಅವ್ವನ ಪಕ್ಕದಲ್ಲಿ ಕೂತಿದ್ದರು. ಇಬ್ಬರ ಕಣ್ಣೂ ಕೊಂಬೆಯ ಮೇಲೇ ಇತ್ತು. ನಿಜ ಹೇಳಬೇಕೆಂದರೆ, ಅವು ಹೋಗದಿದ್ದರೆ ಚೆನ್ನ ಎಂದು ನನ್ನ ಒಳಗಿನ ಯಾವುದೋ ಒಂದು ಸಣ್ಣ ಮೂಲೆಗೆ ಅನ್ನಿಸಿತು. ಮರುಕ್ಷಣವೇ ಪ್ರಿಯಾಳ ಮುಖ ಕಂಡು ನಾಚಿಕೆಯಾಯಿತು. ಹತ್ತು ಗಂಟೆ ದಾಟಿ ಬಿಸಿಲು ಕೊಂಬೆಗೆ ತಾಗಿದಾಗ ಮುದ್ದೆಯ ಮೇಲೆ ಕೆಲವು ಹುಳುಗಳು ಗಿರಗಿರನೆ ಸುತ್ತತೊಡಗಿದವು. ಅವ್ವ ಅತ್ತ ಬೆರಳು ತೋರಿಸಿದಳು. ಆಮೇಲೆ ಒಂದು ದೊಡ್ಡ ಗುಂಯ್ ಸದ್ದು. ಮರವೇ ಸಡಿಲಾದ ಹಾಗೆ ಅಷ್ಟೂ ಹುಳು ಎದ್ದು, ಬೀದಿಯ ಮೇಲೆ ಒಂದು ಮೋಡವಾಗಿ ನಿಂತು, ಹೆದ್ದಾರಿಯ ಕಡೆಗೆ ಹೊರಟುಹೋದವು. ಕೊಂಬೆ ಬರಿದಾಗಿತ್ತು. ಅಲ್ಲಿ ಒಂದು ಚೂರು ಮೇಣವೂ ಇರಲಿಲ್ಲ. ಟೀಚರ್ ಅವ್ವನ ಕಪ್ಪು ಬೆರಳುಗಳನ್ನು ಹಿಡಿದುಕೊಂಡು ಅತ್ತರು.

ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಅವ್ವನನ್ನು ಮುಂದಿನ ಸಾಲಿನಲ್ಲಿ ಫಾದರ್ ಪಕ್ಕ ಕೂರಿಸಿದರು. ನಾನು ಹಿಂದೆ ನಿಂತರೂ ಎಲ್ಲ ಫೋಟೋಗಳಲ್ಲಿ ನನ್ನ ತುಟಿ ನನಗಿಂತ ಮೊದಲು ಬಂದಿದೆ. ಊಟದ ಹೊತ್ತಿಗೆ ಅವ್ವನ ಸುತ್ತ ಜನ ಸೇರಿದ್ದರು. ಸಂಪಿನ ಗೋಡೆಯಲ್ಲಿ ಗೆದ್ದಲು ಎದ್ದಿದೆ, ಏನು ಮಾಡಲಿ ಎಂದು ನಂಜುಂಡಸ್ವಾಮಿ ಕೇಳಿದರು. ಗೆದ್ದಲಿನದು ತೋರಿಸಿದ ದಿನ ಕರೆಂಟು ಹೋಗಿತ್ತು, ಅದು ನನಗೆ ತಿಳಿಯದು ಎಂದು ಅವ್ವ ಪಾಯಸ ಕುಡಿಯುತ್ತಾ ಹೇಳಿದಳು. ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. ಅವರಿಗೂ ಅವ್ವನ ಮೇಲಿನ ಗೌರವ ಕಡಿಮೆಯಾದಂತೆ ಕಾಣಲಿಲ್ಲ.

ಸೋಮವಾರ ಈ ಮುಖ ಹೊತ್ತು ಕ್ಯಾಂಟೀನಿಗೆ ಹೋಗಲಾರದೆ ರಜೆ ಹಾಕಿದೆ. ಮಧ್ಯಾಹ್ನ ಅವ್ವನ ಪಕ್ಕದಲ್ಲಿ ಕೂತೆ. ಸರ್ಕಾರಿ ಚಾನೆಲ್ಲಿನಲ್ಲಿ ಕನ್ನಡಕದ ಮೇಷ್ಟ್ರೊಬ್ಬರು ಕಪ್ಪು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಗಣಿತ ಮಾಡುತ್ತಿದ್ದರು. ಇದನ್ನೆಲ್ಲ ಯಾಕೆ ನೋಡುತ್ತೀಯ, ಸೀರಿಯಲ್ ಹಾಕಿಕೊಳ್ಳಬಾರದೆ ಎಂದು ಕೇಳಿದೆ. ಸೀರಿಯಲ್ ನೋಡಿದರೆ ಅಳು ಬಂದು ಕೈ ನಿಂತುಹೋಗುತ್ತದೆ, ಪಾಠದವರು ಯಾರನ್ನೂ ಬೈಯುವುದಿಲ್ಲ, ಬತ್ತಿ ತಾನಾಗಿ ಸಾಗುತ್ತದೆ ಎಂದಳು. ನಾನು ಹೈಸ್ಕೂಲಿನಲ್ಲಿದ್ದಾಗಿನಿಂದಲೂ ನೋಡುತ್ತಿದ್ದಾಳಂತೆ. ಯಾವತ್ತಾದರೂ ನನ್ನ ಹತ್ತಿರ ಕೇಳಬೇಕು ಅಂತ ಒಂದು ವಿಷಯ ಇತ್ತಂತೆ, ನಾನು ಕೂತಾಗಲೆಲ್ಲ ಮಲಗಿಬಿಡುತ್ತಿದ್ದೆನಂತೆ.

ಹಲಗೆಯತ್ತ ಕಡ್ಡಿ ತೋರಿಸಿದಳು. "ಯಾವ ಮೇಷ್ಟ್ರು ಬಂದ್ರೂವೆ ನಡುವೆ ಎಲ್ಡು ಗೀಟು ಎಳೀತಾರಲ್ಲ, ಅದೇನಪ್ಪ?"

ಅದು ಸಮ ಎಂಬುದರ ಗುರುತು, ಈ ಕಡೆ ಇರುವುದೂ ಆ ಕಡೆ ಇರುವುದೂ ಒಂದೇ ಎಂದು ಹೇಳುವುದಕ್ಕೆ ಹಾಗೆ ಬರೆಯುತ್ತಾರೆ ಎಂದು ವಿವರಿಸಿದೆ. ನಾನು ಪೂರ್ತಿಯಾಗಿ ತಿಳಿದಿದ್ದ ಒಂದು ವಿಷಯವನ್ನು ಯಾರೋ ಕೇಳಿದ್ದರು. ಎದೆ ಸ್ವಲ್ಪ ಉಬ್ಬಿತು. ಅವ್ವ ಒಂದು ಬತ್ತಿ ಹೊಸೆದು ಮುಗಿಸುವವರೆಗೆ ಯೋಚಿಸಿದಳು.

"ಅಂಗಾದ್ರೆ ಇವ್ರು ಇಷ್ಟು ವರ್ಷದಿಂದ ಎಲ್ಡೂ ಕಡೆ ಸಮ ಮಾಡ್ತಾನೇ ಅವ್ರಲ್ಲ" ಎಂದಳು. "ಇನ್ನೂ ಯಾಕೆ ಮುಗಿದಿಲ್ಲ?"

ಬಾಯಿಗೆ ಏನೇನೋ ಉತ್ತರ ಬಂತು. ಕ್ಯಾಂಟೀನಿನಲ್ಲಾಗಿದ್ದರೆ ಒಂದನ್ನು ಎಸೆದು ಮುದ್ದೆ ನುಂಗಿರುತ್ತಿದ್ದೆ. ಅವ್ವ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. "ಗೊತ್ತಿಲ್ಲ ಅವ್ವ" ಎಂದೆ. ಜೀವನದಲ್ಲಿ ಮೊದಲನೆಯ ಸಲ ಆಡಿದ ಮಾತು, ಊದಿದ ತುಟಿ ಬೇರೆ, ಅವಳಿಗೆ ಕೇಳಿಸಲಿಲ್ಲ. ಎರಡು ಸಲ ಹೇಳಬೇಕಾಯಿತು.