ನನ್ನ ಲೈಬ್ರರಿಗೊಂದು ಲೈಸೆನ್ಸು

ಒಂದು ವಸ್ತುವನ್ನು ಮಾರುವುದು ಸುಲಭ, ಪುಕ್ಕಟೆ ಕೊಡುವುದೇ ಕಷ್ಟ ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಕುಷ್ಟಗಿಯಲ್ಲಿ ಕಂಪ್ಯೂಟರ್ ಮೇಷ್ಟ್ರಾದ ನಾನು, ಹಳೆಯ ಫಾಂಟಿನ ಕನ್ನಡವನ್ನು ಯೂನಿಕೋಡಿಗೆ ಬದಲಿಸುವ ಪುಟ್ಟ ಸಾಫ್ಟ್‌ವೇರ್ ಲೈಬ್ರರಿಯೊಂದನ್ನು ಬರೆದು, ಬೇಕಾದವರು ತಮ್ಮ ತಂತ್ರಾಂಶಕ್ಕೆ ಸೇರಿಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿಟ್ಟೆ. ಲೈಸೆನ್ಸ್ ಎಂಬ ಜಾಗದಲ್ಲಿ ಏನಾದರೂ ಬರೆಯಬೇಕಿತ್ತು. ಆ ಹೊತ್ತಿಗೆ ನನ್ನ ಹೆಂಡತಿ, ಪಕ್ಕದ ಮನೆಯಿಂದ ಹೋಳಿಗೆ ಹೊತ್ತು ಬಂದಿದ್ದ ಡಬ್ಬಿಗೆ ಶೇಂಗಾ ಚಟ್ನಿ ತುಂಬುತ್ತಿದ್ದಳು. ಬಂದ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಇದಕ್ಕಿಂತ ಒಳ್ಳೆಯ ಷರತ್ತು ಬೇಕೆ? “ಯಾರು ಬೇಕಾದರೂ ಬಳಸಿಕೊಳ್ಳಿ, ಡಬ್ಬಿ ಮಾತ್ರ ಖಾಲಿ ಕೊಡಬೇಡಿ” ಎಂದು ಬರೆದು ಬೀಗಿದೆ.

ನನ್ನ ಹಳೆಯ ವಿದ್ಯಾರ್ಥಿನಿ ರಜಿಯಾ ಗಂಗಾವತಿಯಲ್ಲಿ ಹೊಸದಾಗಿ ಅಂಗಡಿ ಇಟ್ಟು, ಅಕ್ಕಿ ಮಿಲ್ಲುಗಳಿಗೆ ಬಿಲ್ಲಿನ ತಂತ್ರಾಂಶ ಮಾಡುತ್ತಾಳೆ. ಮೊದಲ ಗಿರಾಕಿಗೆಂದು ಮಾಡಿದ್ದರಲ್ಲಿ ನನ್ನ ಲೈಬ್ರರಿ ಸೇರಿಸಿದ್ದಳು. ಒಂದು ಬೆಳಗ್ಗೆ ಅವಳ ಫೋನು ಬಂತು.

“ಸರ, ಅದ್ಯಾವ ಡಬ್ಬಿ ಅಂತ ಮಿಲ್ಲಿನವರ ವಕೀಲರು ಕೇಳಾಕತ್ಯಾರ್ರಿ. ತಿಳಿಯೂಮಟ ಸಹಿ ಹಾಕಂಗಿಲ್ಲ ಅಂತಾರ. ಈ ಕೆಲಸ ಹೋದ್ರ ಅಂಗಡಿ ಮುಚ್ಚಬೇಕಾಕೈತ್ರಿ.”

“ಡಬ್ಬಿ ಅಂದ್ರ ಏನವಾ, ಪ್ರೀತಿ ಇದ್ದಂಗ,” ಎಂದೆ.

“ಪ್ರೀತಿ ಅಂತ ಬರದುಕೊಟ್ರ ಅವರು ಇನ್ನಾ ಗಾಬರಿ ಆಗ್ತಾರ್ರಿ ಸರ.”

ಸರಿ, ಕನ್ನಡಕ ಒರೆಸಿಕೊಂಡು ಲೈಸೆನ್ಸುಗಳನ್ನು ಓದಲು ಕುಳಿತೆ. ಎಂಐಟಿ ಎಂಬ ಲೈಸೆನ್ಸು ಬಹಳ ಸಂಭಾವಿತ; ಬಳಸುವವರು ನನ್ನ ಹೆಸರನ್ನೂ ಲೈಸೆನ್ಸನ್ನೂ ಜೊತೆಗಿಟ್ಟರೆ ಮುಗಿಯಿತು. ಅದನ್ನೇ ಹಾಕಿ ಏಳಬೇಕೆನ್ನುವಷ್ಟರಲ್ಲಿ ಒಂದು ಸಂಗತಿ ನೆನಪಾಯಿತು. ಒತ್ತಕ್ಷರ ಜೋಡಿಸುವ ಭಾಗ ನನ್ನದಲ್ಲ, ಯಾರೋ ಇಂಟರ್ನೆಟ್ಟಿನಲ್ಲಿ ಇಟ್ಟದ್ದು, ಅದಕ್ಕಿದ್ದದ್ದು ಜಿಪಿಎಲ್ ಎಂಬ ಬಿಗಿ ಲೈಸೆನ್ಸು. ಅದನ್ನು ಸೇರಿಸಿ ಗಿರಾಕಿಗೆ ಕೊಟ್ಟರೆ ರಜಿಯಾ ತನ್ನ ಇಡೀ ತಂತ್ರಾಂಶದ ಒಳಗುಟ್ಟಾದ ಮೂಲ ಕೋಡನ್ನೂ ಬಿಚ್ಚಿಕೊಡಬೇಕು. ಜಾತಕ ಕೂಡದ ಮದುವೆ ಮಾಡಿಸಿದ ಶಾಸ್ತ್ರಿಯಂತೆ ಬೆವತೆ. ನನ್ನ ಚಾತುರ್ಯದಿಂದ ಹುಡುಗಿಯ ಅಂಗಡಿಗೆ ಬೀಗ ಬೀಳುವುದೆಂದು ನಿಜಕ್ಕೂ ಹೆದರಿದೆ. ಆ ಭಾಗ ಬರೆದವರದು ಬಾಯಿ ತಿರುಗದ ಇಂಗ್ಲಿಷ್ ಹೆಸರು. ವಿದೇಶಿಯೆಂದುಕೊಂಡು, ನಿಘಂಟು ನೋಡಿ, ಬಹಳ ದೀನವಾದ ಇಂಗ್ಲಿಷಿನಲ್ಲಿ ಮೇಲ್ ಬರೆದು, ಕೊನೆಗೆ ನನ್ನ ಫೋನ್ ನಂಬರನ್ನೂ ಹಾಕಿದೆ. ಮಧ್ಯಾಹ್ನ ಅವರೇ ಫೋನು ಮಾಡಿದರು.

“ನಮಸ್ಕಾರ್ರಿ ಸರ, ನಾವು ಇಲ್ಲೇ ನಿಮ್ಮ ಬಾಜೂಕಿನ ತಳಕಲ್‌ದವರು. ಆ ಇಂಗ್ಲಿಷ್ ಹೆಸರು ಇಂಟರ್ನೆಟ್ಟಿಗಂತ ಇಟ್ಕೊಂಡದ್ರಿ. ಅಷ್ಟೂ ನಾನ ಬರದದ್ದು ಐತಿ, ಎಂಐಟಿನೂ ಹಾಕಿಕೊಡ್ತೀನಿ ತಗೋರಿ. ನಮ್ಮ ನಮ್ಮ ನಡುವ ಆ ಇಂಗ್ಲಿಷ್ ಯಾಕ್ರಿ?”

ಹೋದ ಜೀವ ಬಂದಂತಾಯಿತು. ಸಂಜೆಯೊಳಗೆ ಎಲ್ಲಕ್ಕೂ ಎಂಐಟಿ ಹಾಕಿದೆ, ವಕೀಲರು ಸಹಿ ಮಾಡಿದರು, ರಜಿಯಾ ಫೋನಿನಲ್ಲೇ ನಕ್ಕಳು. ಆ ನಗು ಕೇಳಿ ಎಷ್ಟು ಹಗುರಾದೆನೆಂದರೆ, ಮರುವಾರ ಆ ಬಿಲ್ಲಿನ ತಂತ್ರಾಂಶದ ಲೈಸೆನ್ಸಿನಲ್ಲಿ ನನ್ನ ಹೆಸರನ್ನು ಕಣ್ಣಾರೆ ನೋಡೋಣವೆಂದು ಗಂಗಾವತಿಯ ಮಿಲ್ಲಿಗೇ ಹೋದೆ. ಗುಮಾಸ್ತರನ್ನು, “ಲೈಸೆನ್ಸ್ ಓದಿದ್ರೇನ್ರಿ?” ಎಂದು ಕೇಳಿದೆ.

“ಒಪ್ಪಿಗಿ ಅಂತ ಒತ್ತಿಬಿಟ್ಟೀನ್ರಿ. ಅದನ್ನ ಯಾರರ ಓದ್ತಾರೇನ್ರಿ ಸರ?”

ಬಸ್‌ಸ್ಟ್ಯಾಂಡಿನವರೆಗೂ ಒಳಗೇ ಕುದಿದೆ. ಬಸ್ಸು ಹೊರಟ ಮೇಲೆ ಮೊಬೈಲು ಯಾವುದೋ ಉದ್ದನೆಯ ಷರತ್ತುಗಳಿಗೆ ಒಪ್ಪಿಗೆ ಕೇಳಿತು; ತಟ್ಟನೆ ಒತ್ತಿ ಪಕ್ಕಕ್ಕಿಟ್ಟು, ಆ ಗುಮಾಸ್ತರ ಮೇಲಿನ ಸಿಟ್ಟನ್ನು ಮುಂದುವರಿಸಿದೆ.