ಮೋಡ ನೋಡುವ ಕೆಲಸ

ಎಲ್ಲಕ್ಕೂ ಮೂಲ ಕತೆಗಾರರು ಬರೆದ ಒಂದು ವಾಕ್ಯ. ದೂರದ ಊರಿನ ಕನ್ನಡಕದಂಗಡಿಯಲ್ಲಿ ದುಡಿಯುತ್ತ, ಬಿಡುವಿನಲ್ಲಿ ಚಿತ್ರ ಬರೆಯುತ್ತಿದ್ದ ಹುಡುಗನೊಬ್ಬನಿಗೆ ಅವರು ಕಾಗದದಲ್ಲೇ ಪಾಠ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಊಟದ ಜೊಂಪಿನಲ್ಲಿ, ಕಿಟಕಿಯಾಚೆ ಮೋಡವೊಂದು ಹಿಂಜಿದ ಹತ್ತಿಯಂತೆ ತೇಲುತ್ತಿದ್ದಾಗ, ‘ಮೋಡ ನೋಡಲು ಪುರುಸೊತ್ತಿಲ್ಲದ ಕೆಲಸ ಕೆಲಸವೇ ಅಲ್ಲ, ಮಗೂ’ ಎಂದು ಬರೆದುಬಿಟ್ಟರು.

ಮುಂದಿನ ವಾರ ಬೆಳಗ್ಗೆ ಬಾಗಿಲು ತೆಗೆದರೆ ಹುಡುಗ ನಿಂತಿದ್ದ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಬಣ್ಣದ ಪೆಟ್ಟಿಗೆ.

"ಕೆಲಸ ಬಿಟ್ಟೆ ಸಾರ್. ಇನ್ಮೇಲೆ ನಿಮ್ಮ ಹತ್ರಾನೇ ಇದ್ದು ಕಲೀತೀನಿ."

ಕತೆಗಾರರು ಕಾಫಿ ಲೋಟ ಕೆಳಗಿಟ್ಟು ಟ್ರಂಕು ಈಸಿಕೊಂಡರು. ಪಕ್ಕದ ಮನೆಯ ನಿವೃತ್ತ ಹೆಡ್ಮಾಸ್ತರು ಕಾಂಪೌಂಡಿನ ಮೇಲಿಂದ ಆಮೆಯಂತೆ ಕತ್ತು ಚಾಚಿದರು. "ಏನ್ ಸ್ವಾಮಿ, ಈ ವಯಸ್ಸಲ್ಲಿ ದತ್ತು ತಗೊಂಡ್ರಾ?"

ಮಧ್ಯಾಹ್ನದೊಳಗೆ ಟ್ರಂಕು ಕತೆಗಾರರ ಮಂಚದ ಕೆಳಗೆ ಸೇರಿತ್ತು, ಹುಡುಗ ಮಂಚದ ಮೇಲೆ. ಅವನು ಜೋಪಾನವಾಗಿ ತಂದಿದ್ದ ಕತೆಗಾರರ ಕಾಗದಗಳನ್ನು ಅವರ ಹೆಂಡತಿ ಕುತೂಹಲಕ್ಕೆ ಕೇಳಿ ಇಸಿದುಕೊಂಡರು.

ಹೋಗು ಎನ್ನಲು ಕತೆಗಾರರಿಗೆ ನಾಲಿಗೆ ಏಳಲಿಲ್ಲ. ಬರೆದಷ್ಟು ಸಲೀಸಾಗಿ ಮಾತಾಡಿ ಅವರಿಗೆ ಅಭ್ಯಾಸವೇ ಇಲ್ಲ. ಕೊನೆಗೆ ಪಕ್ಕದ ಕೋಣೆಯಲ್ಲಿ ಕೂತು ಬರೆದು, ಬಾಗಿಲ ಸಂದಿಯಿಂದ ತೂರಿಸಿದರು: ‘ದಿನವಿಡೀ ಅಷ್ಟೊಂದು ಕಣ್ಣುಗಳನ್ನು ಹತ್ತಿರದಿಂದ ನೋಡುವ ಭಾಗ್ಯ ಯಾವ ಚಿತ್ರಗಾರನಿಗಿದೆ? ಆ ಅಂಗಡಿಯೇ ನಿನ್ನ ಪಾಠಶಾಲೆ.’

ಸ್ವಲ್ಪ ಹೊತ್ತಿಗೆ ಹುಡುಗ ಕಣ್ಣೊರೆಸಿಕೊಳ್ಳುತ್ತ ಹೊರಬಂದ. "ಈಗ ಗೊತ್ತಾಯ್ತು ಸಾರ್. ಮಾಲೀಕರ ಕೈಕಾಲು ಹಿಡಿದಾದ್ರೂ ವಾಪಸ್ ಸೇರ್ಕೋತೀನಿ."

ಅವನನ್ನು ಬಸ್ಸು ಹತ್ತಿಸಿ ಬರುವಾಗ ಕತೆಗಾರರ ಕಾಲು ನೆಲದ ಮೇಲಿರಲಿಲ್ಲ. ಬೀದಿಯ ಕೊನೆಯಲ್ಲಿ ಆಕಾಶ ತಿಳಿಗೆಂಪಾಗಿ ಕರಗುತ್ತಿತ್ತು. ತಮ್ಮ ಮಾತಿನ ಶಕ್ತಿಗೆ ತಾವೇ ಬೆರಗಾಗುತ್ತ, ಯಾರದೋ ಕನಸಿನೊಳಗೆ ನಡೆಯುವವರಂತೆ ಮನೆ ಸೇರಿದರು.

ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು. ಹಿತ್ತಿಲಿನಲ್ಲಿ ಹೆಂಡತಿ ಮೊಣಕೈವರೆಗೆ ಬಣ್ಣ ಮಾಡಿಕೊಂಡು ಚಿತ್ರ ಬರೆಯುತ್ತಿದ್ದರು. ಹುಡುಗನ ಪೆಟ್ಟಿಗೆ ಮಗ್ಗುಲಲ್ಲೇ ಇತ್ತು.

"ಏನೇ, ಅಡುಗೆ ಆಗಿಲ್ವಾ?"

"ನಿಮ್ಮ ಕಾಗದ ಎಲ್ಲಾ ಓದಿದೆ ರೀ. ಇಷ್ಟು ವರ್ಷ ಜೊತೇಲಿದ್ರೂ ನೀವು ಹೀಗೆಲ್ಲ ಹೇಳ್ತೀರಿ ಅಂತ ಗೊತ್ತೇ ಇರ್ಲಿಲ್ಲ. ಬಣ್ಣಾನ ಹುಡುಗನೇ ಖುಷಿಯಿಂದ ಬಿಟ್ಟುಹೋದ. ಅಡುಗೆ ಇನ್ಮೇಲೆ ನೀವು ನೋಡ್ಕೊಳ್ಳಿ."

ಕತೆಗಾರರು ಒಳಗೆ ಹೋದರು. ಒಲೆಯ ಬೆಳಕು ಅಡುಗೆ ಮಾಡುವವಳ ಮುಖದ ಮೇಲೆ ಕುಣಿಯುವ ಸೊಬಗನ್ನು ಕುರಿತು, ಕಲ್ಲೂ ಕರಗುವಂಥ ಕಾಗದ ಬರೆದು ತಂದುಕೊಟ್ಟರು.

ಹೆಂಡತಿ ನಿಧಾನವಾಗಿ ಎರಡು ಸಲ ಓದಿದರು. ಅವರ ಕಣ್ಣು ತುಂಬಿತು.

"ತುಂಬಾ ಚೆನ್ನಾಗಿದೆ ರೀ. ಹಿಂದಿನ ಮಗ್ಗುಲು ಖಾಲಿ ಬಿಟ್ಟಿದ್ದೂ ಒಳ್ಳೇದಾಯ್ತು, ನನ್ನ ಹತ್ರ ಹಾಳೆ ಮುಗಿದಿತ್ತು" ಎಂದು ಅದನ್ನು ತಿರುಗಿಸಿ, ನೀಲಿ ಬಳಿಯತೊಡಗಿದರು.