ಮಾವನ ಪ್ಲಗ್ ಭರಣಿ

ನಮ್ಮ ಸೋದರಮಾವ ಯಾರನ್ನೂ ಮುಖ ನೋಡಿ ಅಳೆಯುವವರಲ್ಲ. ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ ಅಳೆಯುತ್ತಾರೆ! ನಂಬದವರು ಅವರ ಮಗಳನ್ನು ನೋಡಲು ಯಳಂದೂರಿನಿಂದ ಗಂಡು ಬಂದ ದಿನ ನಮ್ಮೂರು ಬಂಡಳ್ಳಿಯಲ್ಲಿ ಇರಬೇಕಿತ್ತು. ಒಳಗೆ ನಾವೆಲ್ಲ ಕೇಸರಿಬಾತು ತಿನ್ನುತ್ತ ಹುಡುಗನ ಕೆಲಸ, ಜಮೀನು ವಿಚಾರಿಸುತ್ತಿದ್ದರೆ ಹೆಣ್ಣಿನ ಅಪ್ಪನೇ ನಾಪತ್ತೆ. ಕಾಲು ಗಂಟೆಯ ಮೇಲೆ ಕೈಯೆಲ್ಲ ಮಸಿ ಮಾಡಿಕೊಂಡು ಬಂದವರು ಅತ್ತೆಯ ಕಿವಿಯಲ್ಲಿ, ಅಂದರೆ ಇಡೀ ಪಡಸಾಲೆಗೆ ಕೇಳುವ ಹಾಗೆ, ತೀರ್ಪು ಕೊಟ್ಟರು: “ಉಡ್ಗ ಒಳ್ಳೇವ್ನು ಕಣಮ್ಮಿ. ಪ್ಲಗ್ಗು ಒಳ್ಳೆ ಕಾಫಿ ಬಣ್ಣಕ್ಕದೆ, ಗಾಡೀನ ಚೆಂದಾಗಿ ಮಡಗವ್ನೆ.”

ಮದುವೆ ಆಗಿಯೇ ಹೋಯಿತು. ಜಾತಕ ತೋರಿಸಿದ್ದರೋ ಇಲ್ಲವೋ ನನಗೆ ನೆನಪಿಲ್ಲ.

ಸವೆದ ಪ್ಲಗ್ಗನ್ನು ನೀವು, ನಾವು ಏನು ಮಾಡುತ್ತೇವೆ? ಬಿಸಾಕುತ್ತೇವೆ. ಮಾವ ಅದನ್ನು ಅತ್ತೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ (ಅತ್ತೆಗೆ ಹೇಳದೆ!), ಕುತ್ತಿಗೆಗೆ ಚೀಟಿ ಕಟ್ಟಿ, ದೇವರ ಗೂಡಿನ ಪಕ್ಕದಲ್ಲಿರುವ ಹಳೆಯ ಉಪ್ಪಿನಕಾಯಿ ಭರಣಿಗೆ ಸೇರಿಸುತ್ತಾರೆ. ಚೀಟಿಯಲ್ಲಿ ಆ ಪ್ಲಗ್ಗಿನ ಸೇವಾ ವಿವರ: ‘ಮಾದಪ್ಪನ ಬೆಟ್ಟ ಹತ್ತಿದ್ದು’, ‘ಮಗಳ ಹೆರಿಗೆಗೆ ಓಡಿದ್ದು’, ‘ಮಳೇಲಿ ನೆಂದರೂ ನಿಲ್ಲದ್ದು’. ಆಯುಧಪೂಜೆಯ ದಿನ ಈ ನಿವೃತ್ತರಿಗೂ ಕುಂಕುಮ! ಗುಮಾಸ್ತರಾಗಿದ್ದ ನನ್ನ ಅಪ್ಪನಿಗೂ ನಿವೃತ್ತಿಯ ಮೇಲೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ನನ್ನ ಬೈಕಿನ ಸದ್ದು ಕೇಳಿದಾಗಲೆಲ್ಲ ಮಾವ, ಪ್ಲಗ್ ಸವೆದಿದೆ, ಬದಲಾಯಿಸು ಎಂದು ಒಂದು ತಿಂಗಳಿಂದ ತಲೆ ತಿನ್ನುತ್ತಿದ್ದರು. ಭರಣಿಗೆ ಹೊಸ ಸದಸ್ಯ ಬೇಕಾಗಿರಬೇಕು ಎಂದು ನಾನು ಹೆಂಡತಿಯ ಮುಂದೆ ನಗೆಯಾಡುತ್ತಿದ್ದೆ.

ಒಂದು ಬೆಳಿಗ್ಗೆ ನಾಲ್ಕು ವರ್ಷದ ಮಗಳಿಗೆ ಜ್ವರ ಏರಿತು. ಕರೆದರೆ ಕಣ್ಣೂ ಬಿಡಲೊಲ್ಲಳು. ಹೆಂಡತಿಯ ಮಡಿಲಲ್ಲಿ ಅವಳನ್ನು ಮಲಗಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಹೊರಟರೆ, ಹನೂರು ಇನ್ನೂ ದೂರ ಇರುವಾಗಲೇ ಬೈಕು ಎರಡು ಸಲ ಸೀನಿ ನಿಂತುಬಿಟ್ಟಿತು. ಒದ್ದೂ ಒದ್ದೂ ನನ್ನ ಕಾಲು ಸೋತಿತು. ಬಸ್ಸಿಲ್ಲ, ಆಟೋ ಇಲ್ಲ. ಆಗ ಆದ ಭಯವನ್ನು ನಾನು ಇಲ್ಲಿ ತಮಾಷೆ ಮಾಡಲಾರೆ.

ಅಷ್ಟರಲ್ಲಿ ಡೈರಿಗೆ ಹಾಲು ಒಯ್ಯುತ್ತಿದ್ದ ಮಾವ ಬಂದರು. ಅವರ ಬೈಕಿಗೆ ಹಿಂದಿನ ಸೀಟೇ ಇಲ್ಲ, ಕ್ಯಾನಿಗೆಂದು ಕಬ್ಬಿಣದ ಚೌಕಟ್ಟು ಕೂರಿಸಿದ್ದಾರೆ. ಈಗ ಬೈಗುಳ ಶುರು ಅಂದುಕೊಂಡೆ. ಅವರು ಮೊದಲು ಮಗುವಿನ ಹಣೆ ಮುಟ್ಟಿದರು, ಸ್ಪ್ಯಾನರ್ ತೆಗೆದರು. ಹಿಂದಿನ ದಿನವಷ್ಟೇ ನಿಂಬೆಹಣ್ಣು ಇಟ್ಟು, ಪೂಜೆ ಮಾಡಿ ಹಾಕಿದ್ದ ತಮ್ಮ ಹೊಸ ಪ್ಲಗ್ಗನ್ನು, ಇನ್ನೂ ಕಾದಿರುವಾಗಲೇ ಟವೆಲ್ಲಿನಲ್ಲಿ ಹಿಡಿದು ಬಿಚ್ಚಿ ನನ್ನ ಬೈಕಿಗೆ ಹಾಕಿದರು. ಒಂದೇ ಒದೆತಕ್ಕೆ ಗಾಡಿ ಎದ್ದಿತು.

“ತಿರುಗ್ ನೋಡ್ದೆ ಓಗ್ಲಾ” ಎಂದರು.

ಹೆದರುವಂಥದ್ದೇನಿಲ್ಲ ಎಂದರು ಡಾಕ್ಟರು. ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿದು ಮಗಳು ಬಿಸ್ಕತ್ತು ಕೇಳಿದಾಗ ನನಗೆ ಜೀವ ಬಂದ ಹಾಗಾಯಿತು. ಮಾವನಿಗೆ ಫೋನ್ ಮಾಡಿ ಹೇಳಿದೆ. ಸಂಜೆ ಹನೂರಿನಲ್ಲಿ ಹೊಸ ಪ್ಲಗ್ ಕೊಂಡು ನೇರ ಅವರ ಮನೆಗೇ ಹೋದೆವು.

ಪ್ಲಗ್ಗಿಲ್ಲದ ಬೈಕನ್ನು ಹಾಲಿನ ಸಮೇತ ಊರಿನ ತನಕ ತಳ್ಳಿಕೊಂಡು ಬಂದಿದ್ದರಂತೆ. ಬಿಸಿಲಿಗೆ ಹಾಲೆಲ್ಲ ಒಡೆದು, ಅತ್ತೆ ಅದಕ್ಕೆ ಸಕ್ಕರೆ ಸುರಿದು ಕಾಯಿಸಿ ಬೀದಿಗೆಲ್ಲ ಹಂಚುತ್ತಿದ್ದರು. ಮಾವ ಜಗುಲಿಯಲ್ಲಿ ಕೂತು ನನ್ನ ಹಾಳು ಪ್ಲಗ್ಗನ್ನು ಅತ್ತೆಯ ಬ್ರಷ್ಷಿನಲ್ಲೇ ತಿಕ್ಕುತ್ತಿದ್ದರು. ಅತ್ತೆ ಅದನ್ನು ನೋಡಿಯೂ ಅವತ್ತು ಸಿಹಿ ಹಂಚುತ್ತಲೇ ಇದ್ದರು. ಚೀಟಿ ಆಗಲೇ ಸಿದ್ಧವಾಗಿತ್ತು: ‘ಪುಟ್ಟಿ ಜ್ವರ ಬಿಟ್ಟ ದಿವಸದ್ದು’.

ನಡುದಾರಿಯಲ್ಲಿ ಕೈಕೊಟ್ಟ ಇದಕ್ಕೂ ಮರ್ಯಾದೆಯೇ ಎಂದು ಕೇಳಿದೆ.

“ಪಾಪ, ಅದ್ನ ಬಯ್ಬೇಡ ಕಣ್ಲಾ” ಎಂದರು ಮಾವ, ತಲೆ ಎತ್ತದೆ. “ಮಗೀನ ನಾ ಬರೋ ದಾರಿಗಂಟ ತಂದು ಬುಡ್ತಲ್ಲ.”

ಭರಣಿಯ ಮುಚ್ಚಳವನ್ನು ನಾನೇ ತೆಗೆದು ಹಿಡಿದೆ.